ಬ್ಲ್ಯಾಕ್ ಮೆಟಲ್ ವೇಷ: ಮುಖದ ಬಣ್ಣ, ಮೊಳೆಪಟ್ಟಿ, ಗುಂಡಿನ ಬೆಲ್ಟ್

ಪ್ರಶ್ನೆ: ನಾವು ನಾಲ್ವರು ಹುಬ್ಬಳ್ಳಿಯಲ್ಲಿ ಬ್ಲ್ಯಾಕ್ ಮೆಟಲ್ (ಹೆವಿ ಮೆಟಲ್ ಸಂಗೀತದ ಒಂದು ಕರಾಳ ಕವಲು) ಬ್ಯಾಂಡ್ ಕಟ್ಟಿದ್ದೇವೆ. ಬೆಂಗಳೂರಿನ ಒಂದು ಪಬ್‌ನಲ್ಲಿ 40 ನಿಮಿಷದ ಮೊದಲ ಶೋ ಸಿಕ್ಕಿದೆ. ಮುಖಕ್ಕೆ ಕಾರ್ಪ್ಸ್ ಪೇಂಟ್ (ಹೆಣದಂತೆ ಕಾಣಿಸುವ ಬಿಳಿ-ಕಪ್ಪು ಬಣ್ಣ) ಹಚ್ಚಿ ಪ್ರಾಕ್ಟೀಸ್ ಮಾಡಿದರೆ ಎರಡನೇ ಹಾಡಿಗೇ ಬಣ್ಣ ಇಳಿದು ಕಣ್ಣು ಉರಿಯಿತು, ಬಿಳಿ-ಕಪ್ಪು ಕಲೆತು ಬೂದಿಯಾಯಿತು. ಬಣ್ಣ ನಿಲ್ಲಿಸುವುದು ಹೇಗೆ? ಮೊಳೆ ಹೊಡೆದ ಕೈಪಟ್ಟಿಯನ್ನು ಮನೆಯಲ್ಲೇ ಮಾಡಬಹುದೇ? ಬುಲೆಟ್ ಬೆಲ್ಟ್ ತರಿಸಿಕೊಂಡರೆ ಪೊಲೀಸ್ ತೊಂದರೆ ಇದೆಯೇ? ಲೋಗೊ ಕನ್ನಡದಲ್ಲಿ ಬರೆಸಬಹುದೇ? ನೋಡಲು ಬರುವ ಗೆಳೆಯರೂ ಬಣ್ಣ ಹಚ್ಚಿಕೊಳ್ಳಬೇಕೆನ್ನುತ್ತಿದ್ದಾರೆ, ಸರಿಯೇ?

ಉತ್ತರ: ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಅದಕ್ಕೆ ಉತ್ತರ ಸಣ್ಣದು. ಮುಖದ ಬಣ್ಣ ವೇದಿಕೆಯ ಮೇಲಿರುವವರದು. ನಾರ್ವೆಯ ಓಸ್ಲೋದಲ್ಲಾಗಲಿ ಬೆಂಗಳೂರಿನಲ್ಲಾಗಲಿ ಪ್ರೇಕ್ಷಕರು ಬರುವುದು ಬ್ಯಾಂಡ್ ಟೀ ಶರ್ಟ್, ಕಪ್ಪು ಜೀನ್ಸ್, ಬೂಟು, ಪ್ಯಾಚ್ ಹೊಲಿದ ತೋಳಿಲ್ಲದ ಡೆನಿಮ್ ಜಾಕೆಟ್‌ನಲ್ಲಿ. ಯಾರೂ ತಡೆಯುವುದಿಲ್ಲ ನಿಜ, ಆದರೆ ಹಚ್ಚಿಕೊಂಡು ಬಂದವರು ಗುಂಪಿನಲ್ಲಿ ಪಕ್ಕದವರ ಬಟ್ಟೆಗೆ ಬಣ್ಣ ಒರೆಸುತ್ತಾರೆ, ನಿಮ್ಮ ಮುಖಕ್ಕಿರುವ ಪರಿಣಾಮವನ್ನೂ ತಗ್ಗಿಸುತ್ತಾರೆ. ಬೇಡ ಎಂದೇ ಹೇಳಿ.

ಉಳಿದ ಪ್ರಶ್ನೆಗಳಿಗೆಲ್ಲ ಬುಡದಲ್ಲಿ ಒಂದೇ ಮಾತಿದೆ. ಈ ವೇಷ ಕತ್ತಲಲ್ಲಿ, ದೂರದಿಂದ, ಕಪ್ಪು-ಬಿಳುಪಿನಲ್ಲಿ ಕಾಣಲೆಂದು ಬೆಳೆದದ್ದು. ಹತ್ತಿರ ನಿಂತು ಕನ್ನಡಿಯಲ್ಲಿ ನೋಡಿ ಚಂದ ಮಾಡಲು ಹೋದರೆ ಕೆಡುತ್ತದೆ. ಅದು ಬೆಳೆದ ಬಗೆ ಗೊತ್ತಿದ್ದರೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿ ಹೊಳೆಯುತ್ತದೆ.

ಇಂಗ್ಲೆಂಡಿನ ನ್ಯೂಕಾಸಲ್‌ನ ವೆನಮ್ ತಂಡ 1982ರಲ್ಲಿ ‘ಬ್ಲ್ಯಾಕ್ ಮೆಟಲ್’ ಎಂಬ ಆಲ್ಬಂ ತಂದಾಗ ಈ ಪ್ರಕಾರಕ್ಕೆ ಹೆಸರು ಸಿಕ್ಕಿತು. ಚರ್ಮ, ಸ್ಟಡ್ (ಲೋಹದ ಗುಬಟು), ಗುಂಡಿನ ಬೆಲ್ಟ್ ಅವರಿಗೂ ಮುಂಚೆ ಮೋಟರ್‌ಹೆಡ್‌ನಂಥ ತಂಡದವರ ಮೈಮೇಲೆ ಇದ್ದವು. ಮುಖದ ಬಣ್ಣ ಬಂದದ್ದು ಬೇರೆ ದಾರಿಯಿಂದ: ರಾಕ್ ಸಂಗೀತದ ಆರ್ಥರ್ ಬ್ರೌನ್, ಆಲಿಸ್ ಕೂಪರ್, ಕಿಸ್, ಆಮೇಲೆ ಡೆನ್ಮಾರ್ಕಿನ ಕಿಂಗ್ ಡೈಮಂಡ್. ಈ ಎರಡೂ ದಾರಿ ಸೇರಿದ ಜಾಗವನ್ನು ನೋಡಬೇಕೆಂದರೆ ಬ್ರೆಜಿಲ್‌ನ ಬೆಲೊ ಹೊರಿಜೊಂಟೆಯ ಸಾರ್ಕೊಫಾಗೊ ತಂಡದ 1987ರ ಆಲ್ಬಂ ಹೊದಿಕೆ ನೋಡಿ. ಸ್ಮಶಾನದಲ್ಲಿ ನಿಂತ ಹುಡುಗರು, ಬಣ್ಣದ ಮುಖ, ಎದೆಗೆ ಸೊಂಟಕ್ಕೆ ಗುಂಡಿನ ಸಾಲು, ತೋಳಿಗೆ ಉದ್ದ ಮೊಳೆಗಳು. ನಾರ್ವೆಯವರು ಮುಂದೆ ತಮ್ಮದು ಮಾಡಿಕೊಂಡದ್ದೆಲ್ಲ ಅದರಲ್ಲಿ ಆಗಲೇ ಇದೆ.

ಬಣ್ಣಕ್ಕೆ ಹೆಣದ ಅರ್ಥ ಕೊಟ್ಟವನು ನಾರ್ವೆಯ ಮೇಹೆಮ್ ತಂಡದ ಗಾಯಕ, ಸ್ವೀಡನ್ನಿನ ಪೆರ್ ಯಂಗ್ವೆ ಓಲಿನ್, ರಂಗದ ಹೆಸರು ಡೆಡ್. 1988ರಲ್ಲಿ ತಂಡ ಸೇರಿ 1991ರಲ್ಲಿ ತೀರಿಕೊಂಡ. ದೆವ್ವದ ಮುಖವಾಡ ಅವನಿಗೆ ಬೇಕಿರಲಿಲ್ಲ, ಸತ್ತವನಂತೆಯೇ ಕಾಣಬೇಕಿತ್ತು. ಶೋಗೆ ಮುಂಚೆ ಬಟ್ಟೆಯನ್ನು ಮಣ್ಣಲ್ಲಿ ಹೂತಿಟ್ಟು ಕೊಳೆಸಿ ಹಾಕಿಕೊಳ್ಳುತ್ತಿದ್ದನೆಂದು ಜೊತೆಗಾರರು ಹೇಳಿದ್ದಾರೆ. ಅದೇ ತಂಡದ ಯೂರೋನಿಮಸ್ 1991ರಲ್ಲಿ ಓಸ್ಲೋದಲ್ಲಿ ‘ಹೆಲ್ವೆಟೆ’ ಎಂಬ ರೆಕಾರ್ಡ್ ಅಂಗಡಿ ತೆರೆದ. ಆ ಹೊತ್ತಿನ ಡೆತ್ ಮೆಟಲ್ ತಂಡಗಳು ಟ್ರ್ಯಾಕ್ ಪ್ಯಾಂಟು, ಬಿಳಿ ಶೂ, ಬಣ್ಣದ ಟೀ ಶರ್ಟಿನಲ್ಲಿ ವೇದಿಕೆ ಏರುತ್ತಿದ್ದವು. ಅದಕ್ಕೆ ಬೆನ್ನು ತಿರುಗಿಸಿ ಈ ಅಂಗಡಿಯ ಸುತ್ತ ಸೇರಿದ ಗುಂಪು ಬಣ್ಣಗಳನ್ನೆಲ್ಲ ಕೈಬಿಟ್ಟಿತು. ಆಲ್ಬಂ ಹೊದಿಕೆಗಳೂ ಹಾಗೇ ಆದವು. 1992ರ ಡಾರ್ಕ್‌ಥ್ರೋನ್ ಆಲ್ಬಂ ‘ಎ ಬ್ಲೇಜ್ ಇನ್ ದ ನಾರ್ದರ್ನ್ ಸ್ಕೈ’ಯ ಹೊದಿಕೆಯಲ್ಲಿ ಕತ್ತಲು, ಅದರೊಳಗೆ ಒಂದು ಬಿಳಿ ಮುಖ, ಅಷ್ಟೇ. ಆ ಕಾಲದ ಡೆಮೊ ಕ್ಯಾಸೆಟ್‌ಗಳ ಹೊದಿಕೆಯೂ ಅಭಿಮಾನಿಗಳೇ ತರುತ್ತಿದ್ದ ಫ್ಯಾನ್‌ಜಿನ್ ಪತ್ರಿಕೆಗಳೂ ಜೆರಾಕ್ಸ್ ಆಗಿ ಕೈಯಿಂದ ಕೈಗೆ ಹೋಗುತ್ತಿದ್ದವು, ಜೆರಾಕ್ಸ್ ಯಂತ್ರದಲ್ಲಿ ನಡುವಿನ ಛಾಯೆ ಉಳಿಯುವುದಿಲ್ಲ. ಉಳಿಯುವುದು ಆಕಾರ ಮಾತ್ರ. ನಿಮ್ಮ ಮುಖವನ್ನೂ ಅದೇ ಲೆಕ್ಕದಲ್ಲಿ ಬರೆಯಿರಿ.

ಮುಖದ ಬಣ್ಣ

ನಿಮ್ಮ ಬಣ್ಣ ಇಳಿದದ್ದಕ್ಕೆ ಎರಡರಲ್ಲಿ ಒಂದು ಕಾರಣ ಇರಬೇಕು. ನೀವು ಹಚ್ಚಿದ್ದು ನೀರಿನ ಬಣ್ಣವಾಗಿರಬಹುದು, ಅಥವಾ ಎಣ್ಣೆ ಬಣ್ಣ ಹಚ್ಚಿ ಪೌಡರ್ ಒತ್ತದೆ ಬಿಟ್ಟಿರಬಹುದು. ನೀರಿನ ಬಣ್ಣ ಒಣಗಿದಾಗ ಮುಟ್ಟಿದರೂ ಕೈಗೆ ಅಂಟುವುದಿಲ್ಲ, ಆದರೆ ಬೆವರೂ ನೀರೇ ತಾನೆ, ಹರಿಸಿಕೊಂಡು ಹೋಗುತ್ತದೆ. ಎಣ್ಣೆ ಬಣ್ಣ ಬೆವರಿಗೆ ಜಗ್ಗುವುದಿಲ್ಲ, ಆದರೆ ಒಣಗುವುದೂ ಇಲ್ಲ, ಹಾಗಾಗಿ ಮುಟ್ಟಿದರೆ ಮೆತ್ತಿಕೊಳ್ಳುತ್ತದೆ. ಪೌಡರ್ ಅದರ ಮೇಲಿನ ಎಣ್ಣೆಯನ್ನು ಹೀರಿ ಕೂರಿಸುತ್ತದೆ. ಪಬ್‌ನ ಸೆಖೆಗೆ ಎಣ್ಣೆ ಬಣ್ಣ ಮತ್ತು ಪೌಡರ್ ಜೋಡಿಯೇ ಸರಿ.

ಬಣ್ಣ ಕೊಳ್ಳುವಾಗ ಕ್ರಯೋಲಾನ್ ಕಂಪನಿಯ ಸುಪ್ರಾಕಲರ್ ಕೇಳಿ, ಅದು ಎಣ್ಣೆಯದು. ಅದೇ ಕಂಪನಿಯ ಆಕ್ವಾಕಲರ್ ನೀರಿನದು, ಡಬ್ಬಿ ಅದಲುಬದಲಾಗದಂತೆ ನೋಡಿ. ಮೆಹ್ರಾನ್‌ನ ಕ್ಲೌನ್ ವೈಟ್ ಕೂಡ ಎಣ್ಣೆಯದೇ. ಯಕ್ಷಗಾನದವರಿಗೆ, ವೃತ್ತಿ ನಾಟಕದವರಿಗೆ ಪ್ರಸಾಧನ ಸಾಮಗ್ರಿ ಮಾರುವ ಅಂಗಡಿಗಳಲ್ಲೂ ಇವು ಸಿಗುತ್ತವೆ. ಅಲ್ಲೇ ತೆಂಗಿನೆಣ್ಣೆಯಲ್ಲಿ ಕಲಸುವ ಬಿಡಿ ಪುಡಿ ಬಣ್ಣವೂ ಸಿಗುತ್ತದೆ. ಪೊಟ್ಟಣದ ಮೇಲೆ ಏನಿದೆಯೆಂದು ಬರೆದಿರದ ಹಳೆಯ ಬಿಳಿ ಪುಡಿಯನ್ನು ಮಾತ್ರ ಮುಟ್ಟಬೇಡಿ, ಸಫೇದ ಎಂಬ ಹೆಸರಿನಲ್ಲಿ ಸೀಸದ ಬಿಳಿಯೂ ಮಾರಾಟವಾದದ್ದುಂಟು. ಪೋಸ್ಟರ್ ಕಲರ್, ಅಕ್ರಿಲಿಕ್, ಮಾರ್ಕರ್ ಪೆನ್ನು, ಶೂ ಪಾಲಿಶ್ ಇವು ಚರ್ಮಕ್ಕಲ್ಲ. ಅಕ್ರಿಲಿಕ್ ಒಣಗಿ ಪ್ಲಾಸ್ಟಿಕ್ ಪದರವಾಗುತ್ತದೆ, ಕೀಳುವಾಗ ಹುಬ್ಬಿನ ಕೂದಲೂ ಮೇಲ್ಚರ್ಮವೂ ಜೊತೆಗೆ ಬರುತ್ತವೆ. ಯಾವ ಬಣ್ಣವೇ ಆಗಲಿ, ಶೋಗೆ ಎರಡು ದಿನ ಮುಂಚೆ ಮೊಣಕೈ ಒಳಮಗ್ಗುಲಲ್ಲಿ ಸ್ವಲ್ಪ ಹಚ್ಚಿ 24 ಗಂಟೆ ಕಾದು ನೋಡಿ.

ಹಚ್ಚುವ ಕ್ರಮ ಹೀಗೆ. ಮೊದಲು ಊಟ ಮುಗಿಸಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಬಣ್ಣಕ್ಕೆ ಮುಂಚೆ ಹಾಕಿಕೊಳ್ಳಿ. ಗಡ್ಡ ತೆಗೆಯುವುದಿದ್ದರೆ ಹಿಂದಿನ ರಾತ್ರಿಯೇ ತೆಗೆಯಿರಿ, ಆಗಷ್ಟೇ ಬೋಳಿಸಿದ ಚರ್ಮದ ಮೇಲೆ ಬಣ್ಣ ಉರಿಯುತ್ತದೆ. ಮುಖ ತೊಳೆದು ಒರೆಸಿ, ಮಾಯಿಶ್ಚರೈಸರ್ ತೆಳುವಾಗಿ ಹಚ್ಚಿ 10 ನಿಮಿಷ ಬಿಡಿ. ಅದು ಹೀರಿಕೊಳ್ಳದೆ ಜಿಡ್ಡು ಉಳಿದಿದ್ದರೆ ಟಿಶ್ಯೂ ಒತ್ತಿ ತೆಗೆಯಿರಿ. ಈಗ ಬಿಳಿ. ಇಡೀ ಮುಖಕ್ಕೆ ಕಡಲೆಕಾಳಿನ ಗಾತ್ರದ ಮೂರು-ನಾಲ್ಕು ಉಂಡೆ ಸಾಕು. ಕೈಬೆರಳಲ್ಲಿ ಬಿಸಿ ಮಾಡಿ, ಸ್ಪಂಜಿನಲ್ಲಿ ತೆಗೆದುಕೊಂಡು ತಟ್ಟುತ್ತಾ ಹೋಗಿ, ಎಳೆಯಬೇಡಿ. ಎಳೆದರೆ ಪಟ್ಟೆ ಬೀಳುತ್ತದೆ. ಕಪ್ಪು ಬರಬೇಕಾದ ಜಾಗ, ಅಂದರೆ ಕಣ್ಣಗುಳಿ ಮತ್ತು ತುಟಿ, ಖಾಲಿ ಬಿಡಿ. ಹೊಸಬರು ಇಲ್ಲೇ ಎಡವುತ್ತಾರೆ: ಇಡೀ ಮುಖ ಬಿಳಿ ಮಾಡಿ ಅದರ ಮೇಲೆ ಕಪ್ಪು ಬಳಿಯುತ್ತಾರೆ. ಎರಡೂ ಎಣ್ಣೆ, ಎರಡೂ ಹಸಿ. ಕಲೆತು ಬೂದಿಯಾಗದೆ ಇನ್ನೇನು?

ನಮ್ಮ ಕಂದು ಮೈಬಣ್ಣದ ಮೇಲೆ ಒಂದೇ ಪದರ ಬಿಳಿ ಹಚ್ಚಿದರೆ ನೀಲಿಗೆ ತಿರುಗಿದ ಬೂದು ಕಾಣುತ್ತದೆ. ಆಗ ದಪ್ಪ ಮಾಡುವ ಆಸೆ ಬರುತ್ತದೆ. ದಪ್ಪ ಬಿಳಿ ಬಾಯಿಯ ಎರಡು ಪಕ್ಕ, ಹಣೆಯ ಗೆರೆಗಳಲ್ಲಿ ಮೊದಲ ಕಿರುಚಾಟಕ್ಕೇ ಬಿರುಕು ಬಿಡುತ್ತದೆ. ತೆಳು ಪದರ, ಪೌಡರ್, ಮತ್ತೊಂದು ತೆಳು ಪದರ, ಮತ್ತೆ ಪೌಡರ್ ಮಾಡಿ. ಅಥವಾ ಬಿಳಿಗೆ ಚೂರು ಕಪ್ಪು, ಸೂಜಿಮೊನೆಯಷ್ಟು ಹಳದಿ ಬೆರೆಸಿ ಒಂದೇ ಪದರ ಹಚ್ಚಿ. ನನ್ನ ಮಟ್ಟಿಗೆ ಇದೇ ಮೇಲು. ಹೆಣ ಸುಣ್ಣದ ಬಿಳಿ ಇರುವುದಿಲ್ಲ, ಮಾಸಲು ಇರುತ್ತದೆ, ವೇದಿಕೆಯ ಬೆಳಕಿಗೆ ಈ ಮಾಸಲು ಬಣ್ಣವೇ ಬಿಳಿಯಾಗಿ ಹೊಳೆಯುತ್ತದೆ.

ಪೌಡರ್‌ಗೆ ಟ್ರಾನ್ಸ್‌ಲೂಸೆಂಟ್ ಸೆಟ್ಟಿಂಗ್ ಪೌಡರ್ ಸಾಕು. ಪಫ್ ತುಂಬ ತೆಗೆದುಕೊಂಡು ಒತ್ತಿ, ಉಜ್ಜಬೇಡಿ. ಎರಡು ನಿಮಿಷ ಬಿಟ್ಟು ಮೆತ್ತನೆಯ ಬ್ರಶ್‌ನಿಂದ ಉದುರಿಸಿ. ಬೆರಳ ಹಿಂಬದಿ ಕೆನ್ನೆಗೆ ತಾಗಿಸಿ ನೋಡಿ. ಬಿಳಿ ಅಂಟಿದರೆ ಇನ್ನೊಂದು ಸುತ್ತು ಪೌಡರ್ ಬೇಕು. ಇದಾದ ಮೇಲೆ ಕಪ್ಪು. ಕಪ್ಪಿನ ಮೇಲೆ ಈ ಪೌಡರ್ ಒತ್ತಿದರೆ ಅದೂ ಬೂದಿಯಾಗುತ್ತದೆ, ಆದ್ದರಿಂದ ಕಪ್ಪನ್ನು ಕೂರಿಸಲು ಹೊಳಪಿಲ್ಲದ ಕಪ್ಪು ಐಶ್ಯಾಡೋ ಪುಡಿಯನ್ನೇ ಒತ್ತಿ. ನಿಮ್ಮ ಅರ್ಧ ಸಮಸ್ಯೆ ಇಷ್ಟಕ್ಕೇ ಮುಗಿಯುತ್ತದೆ. ರೆಪ್ಪೆಯ ಒಳಅಂಚಿಗೆ ಎಣ್ಣೆ ಬಣ್ಣ ತಾಗಿಸಲೇಬೇಡಿ, ಕಣ್ಣು ಉರಿದದ್ದು ಇದರಿಂದಲೂ ಇರಬಹುದು. ಅಲ್ಲಿ ಕಪ್ಪು ಬೇಕೇಬೇಕೆಂದರೆ ಕಣ್ಣಿಗೆಂದೇ ಮಾಡಿದ ಕಾಜಲ್ ಹಚ್ಚಿ. ಹುಬ್ಬಿನ ಮೇಲೆ ಅಡ್ಡಲಾಗಿ ಪೌಡರ್ ಸ್ವಲ್ಪ ಹೆಚ್ಚು ಒತ್ತಿದರೆ ಹಣೆಯ ಬೆವರು ನೇರ ಕಣ್ಣಿಗಿಳಿಯುವುದು ಕಡಿಮೆಯಾಗುತ್ತದೆ.

ಕತ್ತು, ಕಿವಿ, ಕೂದಲಂಚು ಮರೆಯಬೇಡಿ. ಮುಖ ಮಾತ್ರ ಬಿಳಿಯಾಗಿ ಕತ್ತು ಕಂದಾಗಿದ್ದರೆ ಮುಖವಾಡ ತೊಟ್ಟಂತೆ ಕಾಣುತ್ತದೆ. ಟೀ ಶರ್ಟಿನ ಕಾಲರಿನೊಳಗೆ ಎರಡು ಬೆರಳಗಲ ಹೋಗುವವರೆಗೆ, ಕೂದಲೊಳಕ್ಕೆ ಒಂದು ಸೆಂಟಿಮೀಟರ್‌ವರೆಗೆ ಬಣ್ಣ ಹೋಗಲಿ. ಪೂರ್ತಿ ಗಡ್ಡ ಇರುವವರು ಗಡ್ಡಕ್ಕೆ ಬಿಳಿ ಹಚ್ಚಲು ಹೋಗಬೇಡಿ, ಅದು ಕೂದಲ ತುದಿಗೆ ಹಿಟ್ಟಿನಂತೆ ಹತ್ತಿಕೊಳ್ಳುತ್ತದೆ. ಗಡ್ಡವನ್ನೇ ಕೆಳಗಿನ ಕಪ್ಪು ಎಂದುಕೊಂಡು ಮೇಲಿನ ವಿನ್ಯಾಸ ಮಾಡಿ.

ವಿನ್ಯಾಸ ಎಂದಾಗ: ನಾಲ್ವರೂ ಒಂದೇ ಥರ ಹಚ್ಚಿಕೊಳ್ಳಬೇಡಿ. ನಾರ್ವೆಯ ಇಮ್ಮಾರ್ಟಲ್ ತಂಡದಲ್ಲಿದ್ದ ಗಾಯಕ ಅಬ್ಬಾತ್‌ನ ಮುಖವನ್ನು ನೂರಾರು ಜನ ನಕಲು ಮಾಡಿದ್ದಾರೆ, ಅವನ ಅಗಲ ದವಡೆಗೆ ಹೊಂದಿದ ಆಕಾರ ಕೋಲುಮುಖಕ್ಕೆ ಹೊಂದುವುದಿಲ್ಲ. ಕಣ್ಣು ಮುಚ್ಚಿ ಬೆರಳಿಂದ ಕಣ್ಣಗುಳಿಯ ಮೂಳೆಯ ಅಂಚು ಹುಡುಕಿ. ಕಪ್ಪು ಆ ಅಂಚನ್ನು ದಾಟಿ ಮೇಲೆ ಹುಬ್ಬಿನ ತನಕ, ಕೆಳಗೆ ಕೆನ್ನೆಮೂಳೆಯ ತಲೆಯ ತನಕ ಬರಲಿ. ಗುಂಡಗೆ ಮಾಡಿದರೆ ಪಾಂಡಾ ಕರಡಿಯಾಗುತ್ತದೆ. ಒಂದು ಕಡೆ ಕೆಳಕ್ಕೆ ಜಗ್ಗಿ, ಒಂದು ಕಡೆ ಹೊರಕ್ಕೆ ಜಗ್ಗಿ. ಡೆಡ್‌ನ ಬಣ್ಣವನ್ನು ಹಳೆಯ ಫೋಟೊಗಳಲ್ಲಿ ಗಮನಿಸಿದರೆ ನೀಟಾದ ಗೆರೆ ಕಾಣುವುದಿಲ್ಲ, ಮಸಿ ಮೆತ್ತಿದ ಹಾಗಿದೆ. ಜೇಡರ ಬಲೆ, ತಲೆಕೆಳಗಾದ ಶಿಲುಬೆ, ಸಣ್ಣ ಬಿರುಕುಗಳೆಂದು ತೆಳು ಗೆರೆ ಬರೆದದ್ದೆಲ್ಲ ಐದು ಮೀಟರ್ ದೂರಕ್ಕೆ ಅಳಿಸಿಹೋಗುತ್ತದೆ. ಒಂದು ಸೆಂಟಿಮೀಟರ್‌ಗಿಂತ ತೆಳುವಾದ ಗೆರೆ ಬರೆಯಲೇಬೇಡಿ. ಹಚ್ಚಿಯಾದ ಮೇಲೆ ಕೋಣೆಯ ದೀಪ ಆರಿಸಿ, ಬಾಗಿಲಾಚೆಯ ಒಂದೇ ದೀಪದಲ್ಲಿ, ಫ್ಲ್ಯಾಶ್ ಇಲ್ಲದೆ, ಐದು ಮೀಟರ್ ದೂರದಿಂದ ಫೋನಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆಯಿರಿ. ಅದರಲ್ಲಿ ಕಂಡದ್ದೇ ಪ್ರೇಕ್ಷಕರಿಗೂ ಕಾಣುವುದು.

ರಕ್ತದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಪಬ್‌ಗಳಲ್ಲಿ ಮೆಟಲ್ ಶೋ ಎಂದರೆ ಕೆಂಪು ದೀಪ ಹಾಕುತ್ತಾರೆ. ಕೆಂಪು ದೀಪದಡಿ ಬಿಳಿಯೂ ಕೆಂಪಾಗಿ ಕಾಣುತ್ತದೆ, ಹಾಗಾಗಿ ಬಿಳಿ ಮುಖದ ಮೇಲಿನ ಕೆಂಪು ರಕ್ತ ಕಣ್ಣಿಗೇ ಬೀಳುವುದಿಲ್ಲ. ನೀಲಿ ದೀಪದಲ್ಲಿ ಅದೇ ರಕ್ತ ಕಡುಗಪ್ಪಾಗಿ ಕಾಣುತ್ತದೆ. ಸೌಂಡ್‌ಚೆಕ್ ಹೊತ್ತಲ್ಲೇ ದೀಪದವರೊಂದಿಗೆ ಮಾತಾಡಿ ನೀಲಿ ಅಥವಾ ಬರೀ ಬಿಳಿ ಕೇಳಿಕೊಳ್ಳಿ. ರಕ್ತ ಬೇಕಿದ್ದರೆ ಲಿಕ್ವಿಡ್ ಗ್ಲೂಕೋಸ್ ಒಂದು ಕಪ್, ಕೆಂಪು ಫುಡ್ ಕಲರ್ ಎರಡು ಚಮಚ, ಕೋಕೋ ಪುಡಿ ಒಂದು ಚಮಚ, ನೀಲಿ ಒಂದು ಹನಿ, ಹದಕ್ಕೆ ನೀರು. ಫುಡ್ ಕಲರ್ ಚರ್ಮದ ಮೇಲೆ ಒಂದೆರಡು ದಿನ ಉಳಿಯುತ್ತದೆ. ಗಿಟಾರಿನ ಫ್ರೆಟ್‌ಬೋರ್ಡಿಗೆ (ತಂತಿ ಒತ್ತುವ ಪಟ್ಟಿ) ಬಿದ್ದರೆ ತಂತಿ ಅಂಟಂಟಾಗುತ್ತದೆ, ಹಾಗಾಗಿ ಗಾಯಕ-ಗಿಟಾರಿಸ್ಟ್ ಗಲ್ಲದಿಂದ ಕೆಳಗೆ ಹಚ್ಚಬಾರದು. ಸ್ವೀಡನ್ನಿನ ವಾಟೇನ್ ತಂಡ ನಿಜವಾದ ಪ್ರಾಣಿರಕ್ತ ಬಳಸಿ ಹೆಸರಾಗಿದೆ. ಮುಚ್ಚಿದ ಸಣ್ಣ ಹಾಲಿನಲ್ಲಿ ಅದು ವಾಸನೆ, ಸೋಂಕು, ಮತ್ತೆಂದೂ ಆ ಜಾಗದಲ್ಲಿ ಶೋ ಸಿಗದಿರುವುದು, ಈ ಮೂರನ್ನೂ ಒಟ್ಟಿಗೆ ತರುತ್ತದೆ.

ಮೊಳೆಪಟ್ಟಿ

ಮನೆಯಲ್ಲೇ ಮಾಡಬಹುದು, ಮತ್ತು ಕೊಂಡದ್ದಕ್ಕಿಂತ ಚೆನ್ನಾಗಿಯೇ ಮಾಡಬಹುದು. ನೀವು ಧಾರವಾಡ ಸೀಮೆಯವರಾದ್ದರಿಂದ ಒಂದು ಅನುಕೂಲವಿದೆ: ಅಥಣಿ, ನಿಪ್ಪಾಣಿ ಕಡೆ ಕೊಲ್ಹಾಪುರಿ ಚಪ್ಪಲಿ ಮಾಡುವವರು ಬಳಸುವ, ತೊಗಟೆಯಲ್ಲಿ ಹದ ಮಾಡಿದ ದಪ್ಪ ಚರ್ಮ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. 3ರಿಂದ 3.5 ಮಿಲಿಮೀಟರ್ ದಪ್ಪದ್ದು ಮೇಲ್ಪದರಕ್ಕೆ, 1.5 ಮಿಲಿಮೀಟರ್‌ನದು ಒಳಪದರಕ್ಕೆ ಬೇಕು. ಗಾರ್ಮೆಂಟ್ ಲೆದರ್ ಎಂದು ಮಾರುವ ಮೆತ್ತನೆಯ ಚರ್ಮದಲ್ಲಿ ಮೊಳೆ ನೆಟ್ಟಗೆ ನಿಲ್ಲದು, ಜೋತುಬೀಳುತ್ತದೆ.

ಮುಷ್ಟಿ ಬಿಗಿ ಹಿಡಿದು ಮುಂದೋಳಿನ ಅಳತೆ ತೆಗೆಯಿರಿ, ಗಿಟಾರ್ ನುಡಿಸುವಾಗ ಸ್ನಾಯು ಉಬ್ಬುತ್ತದೆ. ಮಣಿಕಟ್ಟಿನ ಮೂಳೆಯಿಂದ 4 ಸೆಂಟಿಮೀಟರ್ ಮೇಲೆ ಶುರು ಮಾಡಿ, ಮೊಣಕೈ ಮಡಿಕೆಗೆ 5 ಸೆಂಟಿಮೀಟರ್ ಕೆಳಗೆ ನಿಲ್ಲಿಸಿ. ಹೆಚ್ಚಿನವರಿಗೆ 16ರಿಂದ 18 ಸೆಂಟಿಮೀಟರ್ ಉದ್ದ ಬರುತ್ತದೆ. ಸುತ್ತಳತೆಗಿಂತ 2 ಸೆಂಟಿಮೀಟರ್ ಕಡಿಮೆ ಕತ್ತರಿಸಿ, ಆ ಸಂದಿಯನ್ನು ಮೂರು ಬಕಲ್ ಪಟ್ಟಿಗಳು ಬಿಗಿಯುತ್ತವೆ. ಮೊದಲು ರಟ್ಟಿನಲ್ಲಿ ಕತ್ತರಿಸಿ ತೊಟ್ಟು, ಗಿಟಾರ್ ನೇತುಹಾಕಿಕೊಂಡು ಒಂದು ಹಾಡು ನುಡಿಸಿ ನೋಡಿ. ರಟ್ಟು ತಂತಿಗೋ ಗಿಟಾರಿನ ಅಂಚಿಗೋ ತಾಗುವ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ. ಅಲ್ಲಿ ಮೊಳೆ ಇರಕೂಡದು. ಸಾಮಾನ್ಯವಾಗಿ ತೋಳಿನ ಒಳಮೈಯ ಮೂರನೇ ಒಂದು ಭಾಗ ಪೂರ್ತಿ ಖಾಲಿ ಉಳಿಯುತ್ತದೆ.

ಹೊರಮೈಗೆ 3 ಸೆಂಟಿಮೀಟರ್ ಅಂತರದಲ್ಲಿ ಮೂರು ಸಾಲು, ಸಾಲಿಗೆ ಐದರಂತೆ, ಒಂದು ಕೈಗೆ 15 ಮೊಳೆ ಸಾಕು. 4 ಇಂಚಿನ ಮೊಳೆ ಒಂದೊಂದೂ ಸುಮಾರು 10 ಗ್ರಾಂ ತೂಗುತ್ತದೆ. ಕೈಗೆ 30 ಹೊಡೆದರೆ ಚರ್ಮದ ತೂಕ ಬಿಟ್ಟು 300 ಗ್ರಾಂ. ಟ್ರೆಮೊಲೊ ಪಿಕ್ಕಿಂಗ್ (ತಂತಿಯನ್ನು ಬಿಡದೆ ಅತಿ ವೇಗವಾಗಿ ಮೀಟುವುದು) ಮಾಡುವ ಕೈಗೆ ಅಷ್ಟು ಭಾರ ಹೇರಿದರೆ ಮೂರನೇ ಹಾಡಿಗೆ ವೇಗ ತಪ್ಪುತ್ತದೆ. ಆ ಕೈಗೆ 3 ಇಂಚಿನವು, ಕಡಿಮೆ ಸಂಖ್ಯೆಯಲ್ಲಿ. ಫ್ರೆಟ್ ಹಿಡಿಯುವ ಕೈಗೆ ಬೇಕಾದರೆ ಉದ್ದದವು ಇರಲಿ, ಪ್ರೇಕ್ಷಕರ ಕಣ್ಣಿಗೆ ಚಾಚಿಕೊಂಡು ಕಾಣುವುದೂ ಅದೇ ಕೈ. ಡ್ರಮ್ಮರ್‌ಗೆ 5 ಸೆಂಟಿಮೀಟರ್ ಅಗಲದ ಸ್ಟಡ್ ಪಟ್ಟಿ ಬಿಟ್ಟು ಬೇರೇನೂ ಬೇಡ.

ಮೊಳೆಗಿಂತ ಅರ್ಧ ಮಿಲಿಮೀಟರ್ ಸಣ್ಣ ತೂತು ಕೊರೆಯಿರಿ, ಚರ್ಮ ಕಚ್ಚಿ ಹಿಡಿಯಬೇಕು. ಮೊಳೆ ಒಳಗಿನಿಂದ ಹೊರಕ್ಕೆ ಬರುತ್ತದೆ. ತಲೆ ಮತ್ತು ಚರ್ಮದ ನಡುವೆ 20 ಮಿಲಿಮೀಟರ್ ಅಗಲದ ವಾಷರ್ ಹಾಕಿ, ತಲೆಯ ಸುತ್ತ ಎಪಾಕ್ಸಿ ಪುಟ್ಟಿ ಮೆತ್ತಿ. ವಾಷರ್ ಇಲ್ಲದ ಮೊಳೆ ಎರಡು ಪ್ರಾಕ್ಟೀಸ್‌ನಲ್ಲಿ ತೂತನ್ನು ಅಗಲ ಮಾಡಿಕೊಂಡು ಅಲ್ಲಾಡತೊಡಗುತ್ತದೆ. ಪುಟ್ಟಿ ಗಟ್ಟಿಯಾದ ಮೇಲೆ ಒಳಪದರವನ್ನು ರಬ್ಬರ್ ಸಲ್ಯೂಷನ್‌ನಲ್ಲಿ ಅಂಟಿಸಿ, ಅಂಚಿಗೆ ಸುತ್ತಲೂ ಮೇಣದ ದಾರದ ಹೊಲಿಗೆ ಹಾಕಿ. ಅಂಟೊಂದನ್ನೇ ನಂಬಿದರೆ ಬೆವರಿಗೆ ಬಿಟ್ಟುಕೊಂಡು ಮೊಳೆತಲೆಗಳು ತೋಳಿಗೆ ಒತ್ತುತ್ತವೆ.

ಚೂಪು ಉಳಿಸಬೇಡಿ. ತುದಿಯಿಂದ 5 ಮಿಲಿಮೀಟರ್ ಹ್ಯಾಕ್ಸಾದಲ್ಲಿ ಕತ್ತರಿಸಿ, ಅರದಲ್ಲಿ ಗುಂಡಗೆ ತೀಡಿ. ಎರಡು ಮೀಟರ್ ಆಚೆಗೆ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ತಲೆ ಬೀಸುವ ನಿಮ್ಮ ಬೇಸ್ ವಾದಕನ ಕಣ್ಣಿಗೆ ಮಾತ್ರ ಅದು ದೊಡ್ಡ ವ್ಯತ್ಯಾಸ. ಪಬ್ ವೇದಿಕೆ ಇಕ್ಕಟ್ಟಾಗಿದ್ದು ಇಬ್ಬರ ನಡುವೆ ಒಂದೂವರೆ ಮೀಟರ್ ಜಾಗ ಇಲ್ಲದಿದ್ದರೆ ಮೊಳೆಪಟ್ಟಿಯನ್ನು ಬ್ಯಾಗಿನಲ್ಲೇ ಬಿಡಿ. ವೇದಿಕೆಯಿಂದ ಜನರ ನಡುವೆ ಇಳಿಯುವ ಮುಂಚೆಯೂ ಬಿಚ್ಚಲೇಬೇಕು.

ಗುಂಡಿನ ಬೆಲ್ಟ್

ಇಲ್ಲಿ ನನ್ನ ಸಲಹೆ ಖಡಾಖಂಡಿತ: ನಿಜವಾದ ಕಾಟ್ರಿಜ್‌ನಿಂದ, ಅಂದರೆ ಬಂದೂಕಿನ ತೋಟಾದಿಂದ, ಮಾಡಿದ್ದು ಬೇಡ, ಮದ್ದು ತೆಗೆದದ್ದಾದರೂ ಬೇಡ. ಯೂರೋಪ್, ಅಮೆರಿಕದಲ್ಲಿ ಮಾರುವ ಬೆಲ್ಟ್‌ಗಳಲ್ಲಿ ಸೈನ್ಯ ಬಳಸಿ ಬಿಟ್ಟ 7.62 ಮಿಲಿಮೀಟರ್ ಹಿತ್ತಾಳೆ ಕೇಸುಗಳೇ (ತೋಟಾದ ಹೊರಕವಚ) ಹೆಚ್ಚು. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡಿನ ವ್ಯಾಖ್ಯಾನದೊಳಗೆ ಅದರ ಭಾಗಗಳೂ ಬರುತ್ತವೆ. ಪೂರಕ ಭಾಗಗಳ ಜೊತೆ ಸೇರಿಸಿ ಬಳಸುವ ಉದ್ದೇಶವಿಲ್ಲದ ಸಣ್ಣಪುಟ್ಟ ಭಾಗಗಳಿಗೆ ಅದೇ ಕಾಯ್ದೆಯಲ್ಲಿ ವಿನಾಯಿತಿ ಇದೆ, ಆದರೆ ನಿಮ್ಮದು ಆ ವಿನಾಯಿತಿಗೆ ಸೇರುತ್ತದೆಂದು ವಾದಿಸಬೇಕಾದ್ದು ವಕೀಲರನ್ನಿಟ್ಟುಕೊಂಡು, ಠಾಣೆ ಕೋರ್ಟು ಸುತ್ತಿದ ಮೇಲೆ. ವಿಮಾನ ನಿಲ್ದಾಣದಲ್ಲಿ ಬ್ಯಾಗಿನ ಮೂಲೆಯ ಒಂದೇ ಒಂದು ಖಾಲಿ ಕೇಸಿಗೆ ಪ್ರಕರಣ ದಾಖಲಾಗಿರುವುದುಂಟು. ಮೆಟ್ರೊ ಸ್ಕ್ಯಾನರ್‌ನಲ್ಲಿ 60 ಗುಂಡಿನ ಸಾಲು ಕಂಡರೆ ಏನಾಗುತ್ತದೆಂದು ನೀವೇ ಊಹಿಸಿ.

ರೆಸಿನ್‌ನಲ್ಲಿ ಅಚ್ಚು ಹೊಯ್ದದ್ದು ಅಥವಾ ತ್ರೀಡಿ ಪ್ರಿಂಟ್ ಮಾಡಿದ್ದನ್ನು ಬಳಸಿ. 34 ಇಂಚಿನ ಸೊಂಟಕ್ಕೆ ಸುಮಾರು 60 ಬೇಕಾಗುತ್ತದೆ. ಹಿತ್ತಾಳೆಯದಾದರೆ ಇಷ್ಟಕ್ಕೆ ಒಂದು ಕೆಜಿ ಮೀರುತ್ತದೆ, ರೆಸಿನ್‌ನದು ಬಹಳ ಹಗುರ. ಮೊದಲು ಕಪ್ಪು, ಅದರ ಮೇಲೆ ಹಳೆಯ ಹಿತ್ತಾಳೆಯ ಬಣ್ಣವನ್ನು ಒಣ ಬ್ರಶ್‌ನಿಂದ ಉಬ್ಬಿದ ಕಡೆ ಮಾತ್ರ ಸವರಿದರೆ ವೇದಿಕೆಗೆ ಏನೇನೂ ಕಮ್ಮಿ ಇಲ್ಲ. ಎಲ್ಲವನ್ನೂ ಹೊಳೆಯುವ ಚಿನ್ನದ ಬಣ್ಣ ಮಾಡಿದರೆ ಆಟಿಕೆಯಾಗಿ ಕಾಣುತ್ತದೆ. ಸೊಂಟದ ಎಲುಬಿನ ಮೇಲೆ ಓರೆಯಾಗಿ, ಮೊನೆ ಕೆಳಮುಖವಾಗಿ ಕೂರಿಸಿ. ಗಿಟಾರಿನ ಹಿಂಬದಿ ತಾಗುವ ಕಡೆಯ ಹತ್ತು-ಹನ್ನೆರಡು ತೆಗೆದು ಬರೀ ಚರ್ಮದ ಪಟ್ಟಿ ಬಿಡಿ, ಇಲ್ಲದಿದ್ದರೆ ಪಾಲಿಶ್ ಎಲ್ಲ ಗೀಚಿಹೋಗುತ್ತದೆ. ರೆಸಿನ್‌ನದೇ ಆದರೂ ಬಸ್ಸು, ಮೆಟ್ರೊದಲ್ಲಿ ತೊಟ್ಟು ಓಡಾಡಬೇಡಿ. ಪೆಟ್ಟಿಗೆಯಲ್ಲಿಟ್ಟು ಡ್ರಮ್ ಸಾಮಾನಿನ ಜೊತೆ ಗಾಡಿಯಲ್ಲಿ ಕಳಿಸಿ, ಪಬ್‌ನವರಿಗೆ ಮುಂಚಿತವಾಗಿ ಹೇಳಿ.

ಬಟ್ಟೆ, ಬೂಟು

ಹೆಚ್ಚು ಹೇಳುವುದಿಲ್ಲ. ಕಪ್ಪು ಹತ್ತಿ ಟೀ ಶರ್ಟ್ ತೋಳು ಕತ್ತರಿಸಿದ್ದು, ಕಪ್ಪು ಜೀನ್ಸ್, 10ರಿಂದ 14 ತೂತಿನ ಲೇಸ್ ಬೂಟು ಸಾಕು. ಅಗ್ಗದ ಪಿಯು (ಕೃತಕ ಚರ್ಮ) ಜಾಕೆಟ್, ಪ್ಯಾಂಟು ಗಾಳಿಯಾಡದೆ ಬೇಯಿಸುತ್ತವೆ, ತೇವಕ್ಕೆ ಅದರ ಪದರ ರಾಸಾಯನಿಕವಾಗಿಯೇ ಕಳಚಿ ಸಿಪ್ಪೆ ಸುಲಿಯುತ್ತದೆ. ಒಂದು ಮಳೆಗಾಲ ದಾಟುವುದೂ ಕಷ್ಟ. ಡ್ರಮ್ಮರ್ ಬೂಟಿನಲ್ಲಿ ಡಬಲ್ ಪೆಡಲ್ ಒತ್ತಲಾರ, ತೆಳು ಅಡಿಯ ಕಪ್ಪು ಶೂ ಹಾಕಲಿ, ಡ್ರಮ್ ಹಿಂದೆ ಯಾರಿಗೂ ಕಾಣದು.

ಬಣ್ಣವೇ ಬೇಡವೆನಿಸಿದರೂ ಈ ಸಂಗೀತದಲ್ಲಿ ದಾರಿಗಳಿವೆ. ಪೋಲೆಂಡಿನ ಮ್ಗ್ವಾ ತಂಡ ಕಪ್ಪು ಲೆದರ್ ಜಾಕೆಟ್, ತಲೆಮುಸುಕು, ಮುಖ ಮುಚ್ಚುವ ಕಪ್ಪು ಬಟ್ಟೆಯಲ್ಲಿ ನುಡಿಸುತ್ತದೆ. ಅದೇ ದೇಶದ ಬಟುಷ್ಕಾ ಆರ್ಥೊಡಾಕ್ಸ್ ಪಾದ್ರಿಗಳ ನಿಲುವಂಗಿಯನ್ನು ತೆಗೆದುಕೊಂಡಿತು. ಅಮೆರಿಕದ ವುಲ್ವ್ಸ್ ಇನ್ ದ ಥ್ರೋನ್ ರೂಮ್ ಬಣ್ಣವಿಲ್ಲದೆ ಸಾದಾ ಬಟ್ಟೆಯಲ್ಲೇ ಹೆಸರು ಮಾಡಿತು. ಮುಖ ಮುಚ್ಚುವುದಾದರೆ ಸ್ಟಾಕಿಂಗ್‌ನಂಥ ಜಾಲರಿ ಬಟ್ಟೆ ಎರಡು ಪದರ ಸಾಕು, ಒಳಗಿಂದ ಫ್ರೆಟ್ ಕಾಣುತ್ತದೆ. ಆದರೆ ಹಾಡುವವನ ಬಾಯಿಯ ಮೇಲೆ ಬಟ್ಟೆ ಒದ್ದೆಯಾಗಿ ಮೂಗಿಗೆ ಅಂಟಿಕೊಳ್ಳುತ್ತದೆ, ಅವನಿಗೆ ಮೂಗಿನ ಕೆಳಗೆ ಕತ್ತರಿಸಿ.

ಲೋಗೊ ಮತ್ತು ಚಿಹ್ನೆ

ಕನ್ನಡದಲ್ಲಿ ಖಂಡಿತ ಬರೆಸಿ. ಈ ಪ್ರಕಾರದ ಲೋಗೊಗಳು ಬೇರು, ಕೊಂಬೆಯಂತೆ ಹರಡಿ ಓದಲಾಗದಷ್ಟು ಹೆಣೆದುಕೊಂಡಿರುತ್ತವೆ. ಎಂಪರರ್ ತಂಡದ ಲೋಗೊ ಬರೆದ ಬೆಲ್ಜಿಯಂನ ಕ್ರಿಸ್ಟೋಫ್ ಶ್‌ಪೈಡೆಲ್ ಈ ಕಲೆಯ ದೊಡ್ಡ ಹೆಸರು. ರೋಮನ್ ಅಕ್ಷರದಲ್ಲಿ ಬೇರು ಇಳಿಸಲು ಕಲಾವಿದ ಜಾಗ ಹುಡುಕಬೇಕು, ಕನ್ನಡದಲ್ಲಿ ಒತ್ತಕ್ಷರ ಆಗಲೇ ಕೆಳಗಿಳಿದಿರುತ್ತದೆ, ತಲೆಕಟ್ಟು ಕೊಂಬಾಗಿ ಮೇಲೇಳಲು ಸಿದ್ಧವಾಗಿರುತ್ತದೆ. ತೊಡಕಿರುವುದು ದುಂಡಗಿನ ಹೊಟ್ಟೆಗಳಲ್ಲಿ. ಅವನ್ನು ದುಂಡಗೇ ಬಿಟ್ಟರೆ ಮದುವೆ ಕರೆಯೋಲೆಯ ಅಕ್ಷರವಾಗುತ್ತದೆ. ಹೊಟ್ಟೆಯ ಕೆಳತುದಿಯನ್ನು ಒಡೆದು ಮೊನೆ ಮಾಡಿ, ತಲೆಕಟ್ಟುಗಳನ್ನು ಒಂದಕ್ಕೊಂದು ಜೋಡಿಸಿ ಮೇಲೊಂದು ಸಾಲು ಕಟ್ಟಿ. ಎಡ-ಬಲ ಪೂರ್ತಿ ಸಮ ಬರುವುದಿಲ್ಲ, ಕನ್ನಡಿ ಬಿಂಬ ಮಾಡಿದರೆ ಅಕ್ಷರವೇ ಕೆಡುತ್ತದೆ. ಹೊರ ಅಂಚಿನ ಆಕಾರವನ್ನಷ್ಟೇ ಸಮ ಮಾಡಿ, ಒಳಗೆ ಅಕ್ಷರ ತನ್ನ ಪಾಡಿಗಿರಲಿ. ಮೂರರಿಂದ ಐದು ಅಕ್ಷರದ ಹೆಸರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಮುಗಿದ ಮೇಲೆ 3 ಸೆಂಟಿಮೀಟರ್ ಅಗಲಕ್ಕೆ ಕುಗ್ಗಿಸಿ ಪ್ರಿಂಟ್ ತೆಗೆಯಿರಿ. ಅದರಲ್ಲಿ ಕಪ್ಪು ಉಂಡೆಯಾದರೆ ಗೆರೆಗಳ ನಡುವಿನ ಸಂದಿ ಹೆಚ್ಚಿಸಬೇಕು. ಟೀ ಶರ್ಟಿನ ಸ್ಕ್ರೀನ್ ಪ್ರಿಂಟಿಗೆ ಅರ್ಧ ಮಿಲಿಮೀಟರ್‌ಗಿಂತ ತೆಳು ಗೆರೆ ನಿಲ್ಲುವುದಿಲ್ಲ.

ಚಿಹ್ನೆಗಳ ವಿಷಯದಲ್ಲಿ ಎಚ್ಚರ ಬೇಕು, ಏಕೆಂದರೆ ಈ ಸಂಗೀತದ ಚರಿತ್ರೆಯಲ್ಲಿ ವೇಷ ಮಾತ್ರ ಇಲ್ಲ. 1992ರ ಜೂನ್ 6ರಂದು ನಾರ್ವೆಯ ಬರ್ಗನ್ ಬಳಿಯ ಫಾನ್‌ಟಾಫ್ಟ್ ಮರದ ಚರ್ಚ್ ಬೆಂಕಿ ಇಟ್ಟದ್ದರಿಂದ ಸುಟ್ಟುಹೋಯಿತು. ಆ ಬೂದಿಯ ಚಿತ್ರ ಬುರ್ಜುಮ್ ಎಂಬ ನಾರ್ವೆಯ ಏಕವ್ಯಕ್ತಿ ತಂಡದ ಒಂದು ರೆಕಾರ್ಡಿನ ಹೊದಿಕೆಯಾಯಿತು, ಟೀ ಶರ್ಟ್‌ಗಳ ಮೇಲೂ ಬಂತು. ನಾಜಿ ವಿಚಾರ ಹೊತ್ತ ತಂಡಗಳೂ ಈ ಪ್ರಕಾರದೊಳಗಿವೆ. ಆನ್‌ಲೈನ್‌ನಲ್ಲಿ ಹತ್ತಾರು ಒಟ್ಟಿಗೆ ಸಿಗುವ ಪ್ಯಾಚ್ ಕಟ್ಟುಗಳಲ್ಲಿ ಕಪ್ಪು ಸೂರ್ಯಚಕ್ರ, ವುಲ್ಫ್ಸ್‌ಆಂಗೆಲ್, ಜೋಡಿ ಸಿಗ್ ರೂನ್, ತಲೆಬುರುಡೆಯ ಟೋಟನ್‌ಕಾಫ್‌ನಂಥ, ನಾಜಿಗಳು ಬಳಸಿದ ಚಿಹ್ನೆಗಳೂ ಸೇರಿಕೊಂಡಿರುತ್ತವೆ. ಚಂದ ಕಾಣುತ್ತದೆಂದು ಹೊಲಿದುಕೊಂಡರೆ ನಿಮ್ಮ ಫೋಟೊ ನೋಡಿದ ಹೊರದೇಶದ ಆಯೋಜಕರು ಮತ್ತೆ ಮಾತಾಡಿಸುವುದಿಲ್ಲ, ಜರ್ಮನಿಯಲ್ಲಂತೂ ನಾಜಿ ಚಿಹ್ನೆಗಳ ಪ್ರದರ್ಶನ ಅಪರಾಧ. ಹೆಸರು ಹುಡುಕಿ, ಹಾಡು ಕೇಳಿ, ತಂಡ ಏನು ಹೇಳುತ್ತದೆಂದು ಓದಿಕೊಂಡ ಮೇಲೆ ಹೊಲಿಯಿರಿ. ಇಲ್ಲಿ ಯಾವುದೇ ಧರ್ಮದ ಪವಿತ್ರ ವಸ್ತುವನ್ನು ವೇದಿಕೆಯಲ್ಲಿ ಒಡೆಯುವುದು, ಸುಡುವುದು ಭಾರತೀಯ ನ್ಯಾಯ ಸಂಹಿತೆಯ 298 ಅಥವಾ 299ನೇ ಕಲಮಿನ ಕೆಳಗೆ ಬರಬಹುದು. ತಲೆಕೆಳಗಾದ ಶಿಲುಬೆಯನ್ನು ನಾರ್ವೆಯವರು ತಮ್ಮ ದೇಶದ ಚರ್ಚಿನ ಅಧಿಕಾರಕ್ಕೆ ಎದುರಾಗಿ ಎತ್ತಿದರು. ಅಲ್ಪಸಂಖ್ಯಾತ ಕ್ರೈಸ್ತರಿರುವ ಊರಲ್ಲಿ ಅದನ್ನೇ ಎತ್ತಿದರೆ ಅರ್ಥ ಅದೇ ಉಳಿಯುತ್ತದೆಯೇ ಎಂದು ನಾಲ್ವರೂ ಕೂತು ಮಾತಾಡಿಕೊಳ್ಳಿ. ನನಗೆ ಉಳಿಯುತ್ತದೆ ಎನಿಸುವುದಿಲ್ಲ.

ಶೋ ದಿನ ಮತ್ತು ಆಮೇಲೆ

ಶೋಗೆ ಒಂದು ವಾರ ಮುಂಚೆ ಪೂರ್ತಿ ವೇಷದಲ್ಲಿ, ಫ್ಯಾನ್ ಆರಿಸಿ, 40 ನಿಮಿಷ ನಿಲ್ಲಿಸದೆ ನುಡಿಸಿ. ಏನು ಜಾರುತ್ತದೆ, ಏನು ಚುಚ್ಚುತ್ತದೆ ಎಂಬುದು ಅಲ್ಲೇ ಗೊತ್ತಾಗಲಿ. ಮೊದಮೊದಲು ಒಬ್ಬೊಬ್ಬರಿಗೆ ಬಣ್ಣಕ್ಕೆ 40 ನಿಮಿಷ ಹಿಡಿಯುತ್ತದೆ, ಕನ್ನಡಿ ಒಂದೇ ಇದ್ದರೆ ನಾಲ್ವರಿಗೆ ಎರಡೂವರೆ ಗಂಟೆಗೂ ಮೇಲೆ. ಮನೆಯಿಂದ ಎರಡು ಕನ್ನಡಿ, ಕ್ಲಿಪ್ ಹಾಕುವ ದೀಪ ಒಯ್ಯಿರಿ. ವೇದಿಕೆಗೆ ಅರ್ಧ ಗಂಟೆ ಇರುವಾಗ ಮುಗಿಸಿ, ಆಮೇಲೆ ನೀರನ್ನು ಸ್ಟ್ರಾದಲ್ಲಿ ಕುಡಿಯಿರಿ. ಬೆವರು ಬಂದರೆ ಒರೆಸಬೇಡಿ, ಟಿಶ್ಯೂ ಒತ್ತಿ ಎತ್ತಿ.

ತೆಗೆಯುವಾಗ ಸೋಪಿನಿಂದ ಶುರು ಮಾಡಿದರೆ ಎಣ್ಣೆ ಬಣ್ಣ ಹರಡಿ ರಂಧ್ರಗಳಿಗೆ ಇಳಿಯುತ್ತದೆ. ಲೆನ್ಸ್ ಇದ್ದರೆ ಕೈ ಚೆನ್ನಾಗಿ ತೊಳೆದು ಮೊದಲು ಅದನ್ನು ತೆಗೆಯಿರಿ. ತೆಂಗಿನೆಣ್ಣೆ ಎರಡು ಚಮಚ ಅಂಗೈಯಲ್ಲಿ ತೆಗೆದುಕೊಂಡು ಒಂದು ನಿಮಿಷ ಮುಖಕ್ಕೆ ತಿಕ್ಕಿ, ಟಿಶ್ಯೂವಿನಿಂದ ಎತ್ತಿ, ಮತ್ತೊಮ್ಮೆ ಅದನ್ನೇ ಮಾಡಿ, ಕೊನೆಗೆ ಫೇಸ್‌ವಾಶ್. ಕಣ್ಣಿನ ಸುತ್ತ ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ರೆಪ್ಪೆ ಮುಚ್ಚಿ ಅರ್ಧ ನಿಮಿಷ ಇಟ್ಟು ಕೆಳಮುಖವಾಗಿ ಒರೆಸಿ. ಕಿವಿಯ ಹಿಂದೆ, ಮೂಗಿನ ಪಕ್ಕ ಉಳಿದ ಬಣ್ಣವೇ ಮರುದಿನದ ಗುಳ್ಳೆ. ಸ್ಪಂಜನ್ನು ಒಬ್ಬರದನ್ನೊಬ್ಬರು ಬಳಸಬೇಡಿ, ಶೋ ಮುಗಿದ ಮೇಲೆ ಎಸೆಯಿರಿ. ಮೊಳೆಪಟ್ಟಿಯನ್ನು ಒದ್ದೆಯಿರುವಾಗಲೇ ಚೀಲಕ್ಕೆ ಹಾಕಿದರೆ ಮೊಳೆಗೆ ತುಕ್ಕು, ಚರ್ಮಕ್ಕೆ ಬೂಷ್ಟು. ನೆರಳಲ್ಲಿ ಎರಡು ದಿನ ಆರಿಸಿ, ಮೊಳೆಗೆ ಒಂದು ಕೈ ಪಾರದರ್ಶಕ ಲ್ಯಾಕರ್ ಹೊಡೆದು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಟ್ಟೆ ಚೀಲದಲ್ಲಿಡಿ. ಕಣ್ಣಿನ ಉರಿಯೋ ಕೆಂಪೋ ಮರುದಿನ ಬೆಳಿಗ್ಗೆಯೂ ಇಳಿಯದಿದ್ದರೆ ಮನೆಮದ್ದು ಹಾಕುತ್ತಾ ಕೂರದೆ ಕಣ್ಣಿನ ವೈದ್ಯರಿಗೆ ತೋರಿಸಿ, ಹಚ್ಚಿದ ಬಣ್ಣದ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.